ಎರವಲು ಬೆರಳು

“ಬೆರಳು ತೂರ್ಸೋ ಅಂದ್ರೆ ಮೂತಿ ತೂರಿಸ್ತೀಯೇನೋ ಬೋಳಿಮಗನೇ! ಸರಿ ಹಿಂದೆ! ನಿನ್ನ ಹಾಳು ಉಸಿರು ನನ್ನ ಮೂಗಿಗೇ ಬಡೀಬೇಕಾ?”

ಮರದ ಡಿಪೋದ ಕಚೇರಿಯಲ್ಲಿ ಮುಂಜಾನೆಯ ಮೊದಲ ಮಾತು ಹೀಗೇ ಇರುತ್ತಿತ್ತು. ಕಿಟಕಿಗೆ ಹಲಗೆ ಬಡಿದು ಮುಚ್ಚಿದ್ದರು. ಹಲಗೆಯ ನಡುವೆ ಒಂದು ಬೆರಳು ಹಿಡಿಸುವಷ್ಟು ತೂತು. ತೂತಿನ ಆಚೆಗೆ ಮೇಸ್ತ್ರಿ, ಮೂಗು ಬಾಯಿಗಳಿಗೆ ಎರಡು ಪದರ ಬಟ್ಟೆ ಕಟ್ಟಿಕೊಂಡು, ಕೈಯಲ್ಲಿ ಕ್ಲಿಪ್ಪು ಹಿಡಿದು ಕೂತಿರುತ್ತಿದ್ದ. ತೂತಿನ ಈಚೆಗೆ, ಉಸಿರಿನ ಜ್ವರ ಬಂದು ಆಸ್ಪತ್ರೆ ಕಂಡು ತಿರುಗಿ ಬಂದ ಕೂಲಿಗಳು ಸಾಲಾಗಿ ನಿಂತು, ಹೆಸರು ಕರೆದಾಗ ‘ಬಂದೆ’ ಎಂದು, ತೂತಿನೊಳಗೆ ಬೆರಳು ತೂರಿಸಬೇಕು. ಕ್ಲಿಪ್ಪು ಬೆರಳನ್ನು ಕಚ್ಚಿ, ನೆತ್ತರಿಗೆ ಎಷ್ಟು ಉಸಿರು ಸೇರಿದೆಯೆಂದು ಹೇಳುತ್ತದೆ. ಮೇಸ್ತ್ರಿ ಅದನ್ನು ಆಸ್ಪತ್ರೆಗೆ ಫೋನಿನಲ್ಲಿ ಒಪ್ಪಿಸುತ್ತಾನೆ. ಉಸಿರು ಸಾಲದವನಿಗೆ ಡಿಪೋದ ಗೇಟು ಮುಚ್ಚುತ್ತದೆ. ಹಿಂಬದಿಯ ತಗಡಿನ ಕೋಣೆಗಳೂ ಧಣಿಯವೇ ಆದ್ದರಿಂದ, ಗೇಟು ಮುಚ್ಚಿತೆಂದರೆ ಮನೆಯೂ ಮುಚ್ಚಿದಂತೆಯೇ.

ಗೋಂದು ಮೆತ್ತಿದ, ಸಿಬಿರು ಚುಚ್ಚಿದ, ಉಗುರು ಒಡೆದ ಬೆರಳುಗಳು ಒಂದರ ಹಿಂದೊಂದು ಒಳಗೆ ಹೋಗಿ ಹೊರಗೆ ಬರುತ್ತಿದ್ದವು. ಯಾವ ಬೆರಳಿನ ಹಿಂದೆ ಯಾವ ಮುಖವಿದೆಯೆಂದು ಮೇಸ್ತ್ರಿ ಬಗ್ಗಿ ನೋಡಿದವನಲ್ಲ.

“ಸೊಲ್ಲಣ್ಣ!”

“ಬಂದೆ.”

“ತೊಂಬತ್ತೆಂಟು. ಗೂಳಿ ಇದ್ದಂಗಿದ್ದೀಯಲ್ಲೋ ಹಲ್ಕಾ! ಹೋಗು, ಲಾರಿ ಕಾಯ್ತಿದೆ.”

ದಿಮ್ಮಿ ಎತ್ತುವುದು ತೋಳಿನ ಕೆಲಸವೆಂದು ಹೇಳುವವರು ದಿಮ್ಮಿಯನ್ನು ದೂರದಿಂದ ಕಂಡವರು. ಅದು ಉಸಿರಿನ ಕೆಲಸ. ಹತ್ತಾಳು ಹಾರೆ ಕೊಟ್ಟು ನಿಂತರೂ, ಹತ್ತು ಉಸಿರು ಒಂದಾಗದೆ ಮರ ಮಿಸುಕುವುದಿಲ್ಲ. ಒಂದಾಗಿಸುವುದಕ್ಕೆ ಒಬ್ಬ ಸೊಲ್ಲು ಎತ್ತಬೇಕು. ಉಳಿದವರು ‘ಐಸಾ’ ಎಂದು ಮೀಟಬೇಕು. ಒಂದು ಸೊಲ್ಲು ಅರೆಗಳಿಗೆ ತಡವಾದರೆ ಮರ ಹಿಂದಕ್ಕುರುಳಿ ಯಾರದೋ ಕಾಲು ಕೇಳುತ್ತದೆ. ಆ ಡಿಪೋದಲ್ಲಿ ಸೊಲ್ಲು ಎತ್ತುತ್ತಿದ್ದವನು ಸೊಲ್ಲಣ್ಣ. ಅವನ ಹುಟ್ಟುಹೆಸರು ಏನೆಂದು ಕೇಳಿದರೆ ಅವನೇ ಒಂದು ಕ್ಷಣ ಯೋಚಿಸಬೇಕಾಗುತ್ತಿತ್ತು.

ಅವನ ಹೆಂಡತಿಯನ್ನು ಇಡೀ ಡಿಪೋ ‘ಸಿಡುಕಿ’ ಎಂದು ಕರೆಯುತ್ತಿತ್ತು. ಅಂಗಳದ ಇನ್ನೊಂದು ತುದಿಯಲ್ಲಿ ಹೆಂಗಸರ ಜೊತೆ ಬಾಚಿ ಹಿಡಿದು ದಿಮ್ಮಿಗಳ ತೊಗಟೆ ಸುಲಿಯುವುದು ಅವಳ ಕೆಲಸ. ಮರವನ್ನು ಸುಲಿದಂತೆಯೇ ಅವಳು ಮಾತನ್ನೂ ಸುಲಿಯುತ್ತಿದ್ದಳು; ಮೇಲಿನದನ್ನು ನಂಬಿ ಸುಮ್ಮನಾದವಳಲ್ಲ.

ಗಂಡನ ವಿಷಯದಲ್ಲಿ ಈಗ ಅವಳಿಗೆ ಯಾವುದೂ ನಂಬುವ ಹಾಗಿರಲಿಲ್ಲ. ಆಸ್ಪತ್ರೆ ಅವನನ್ನು ಗುಣವಾಯಿತೆಂದು ಬಿಟ್ಟಿತ್ತು. ಬಿಟ್ಟ ಬಗೆ ಮಾತ್ರ ಅವಳ ಗಂಟಲಲ್ಲಿ ಮುಳ್ಳಿನಂತೆ ಉಳಿದಿತ್ತು. ‘ಕರ್ಕೊಂಡು ಹೋಗೋಕೆ ಬಾ’ ಎಂದು ಹೇಳಿಕಳಿಸಿದ್ದರು. ಅವಳು ಮುಂಬಾಗಿಲಲ್ಲಿ ಬಿಸಿಲು ಏರಿ ಇಳಿಯುವವರೆಗೆ ಕಾದಳು. ಅವರು ಯಾವಾಗಲೋ ಅವನನ್ನು ಹಿಂಬಾಗಿಲಿನಿಂದ ದಾಟಿಸಿ, ಒಗೆಯಲು ಹಾಕಿದ ಹಾಸಿಗೆಬಟ್ಟೆಯ ಗಂಟುಗಳ ಮೇಲೆ ಕೂರಿಸಿ, ಕದ ಹಾಕಿಕೊಂಡಿದ್ದರು. ಅವಳು ಹುಡುಕಿಕೊಂಡು ಹೋದಾಗ ಅವನು ಗಂಟುಗಳ ನಡುವೆ ಇನ್ನೊಂದು ಗಂಟಿನಂತೆ ಕೂತಿದ್ದ.

“ಹಾಸಿಗೆ ಬೇಕಿತ್ತಂತೆ ಕಣೇ,” ಎಂದಿದ್ದ. “ಒಳಗೆ ತುಂಬ ಜನ.”

ಈಗ ಅವನು ಮಲಗುತ್ತಿರಲಿಲ್ಲ. ಗೋಡೆಗೊರಗಿ, ಮೊಣಕಾಲನ್ನು ಎದೆಗೆ ತಬ್ಬಿ, ಕೂತಲ್ಲೇ ಕಣ್ಣು ಮುಚ್ಚುತ್ತಿದ್ದ. ತುಟಿಯ ಬಣ್ಣ ನೇರಳೆಹಣ್ಣು ತಿಂದವನ ಹಾಗಿತ್ತು.

“ಮಲಕ್ಕೋಬಾರದಾ?”

“ಬೆನ್ನು ಹಿಡಿಯುತ್ತೆ.”

“ತುಟಿ ಯಾಕೆ ಹಾಗಿದೆ?”

“ಚಳಿ.”

“ಈ ಬೇಸಗೇಲಿ?”

“ನಿನಗೆ ಎಲ್ಲಾದ್ರಲ್ಲೂ ಅನುಮಾನ. ಮೇಸ್ತ್ರೀನ ಕೇಳು ಹೋಗು. ದಿನಾ ತೊಂಬತ್ತೆಂಟು.”

ಕ್ಲಿಪ್ಪು ಸುಳ್ಳೋ ಗಂಡ ಸುಳ್ಳೋ ಎಂದು ಅವಳು ತೂಗಿ ನೋಡಿದಳು. ಕ್ಲಿಪ್ಪನ್ನು ಕಟ್ಟಿಕೊಂಡು ಬಾಳಿದವಳಲ್ಲ. ಗಂಡನ ಜೊತೆ ಬಾಳಿದ್ದಳು. ಅವನು ಸುಳ್ಳು ಹೇಳುವಾಗ ಎಡಗಿವಿ ತುರಿಸಿಕೊಳ್ಳುತ್ತಾನೆಂಬುದು ಅವಳಿಗೆ ಗೊತ್ತಿತ್ತು. ಅವನು ತುರಿಸಿಕೊಂಡ.

ಮೊದಲಿಗೆ ಕುಡಿತವೆಂದು ಶಂಕಿಸಿದಳು. ಬಾಯಿ ಮೂಸಿದಳು, ವಾಸನೆಯಿಲ್ಲ. ಇನ್ನೊಬ್ಬಳಿರಬಹುದೆಂದು ಶಂಕಿಸಿದಳು. ಕೋಣೆಯ ಬಾಗಿಲಿನಿಂದ ನೀರಿನ ನಲ್ಲಿಯವರೆಗೆ ಹೋಗುವುದರಲ್ಲಿ ಮೂರು ಕಡೆ ನಿಲ್ಲುವ ಗಂಡಸಿಗೆ ಯಾವಳು ಕಾದಾಳು ಎಂದು ತನಗೇ ನಗು ಬಂತು. ನಗು ಅರ್ಧಕ್ಕೇ ನಿಂತಿತು.

ಒಂದು ದಿನ ದೊಡ್ಡ ಲಾರಿ ಬಂದಿತ್ತು. ಅಂಗಳದ ಆಚೆಯಿಂದ ಸೊಲ್ಲು ಕೇಳಿತು.

“ಕಾಡಿನ ದೊಡ್ಡಣ್ಣ ಕದಲಿ ಬಾರೋ...”

“ಐಸಾ!”

“ಮೇಸ್ತ್ರಿಯ ಹೊಟ್ಟೆಗಿಂತ ಹಗುರ ನೀನು...”

“ಐಸಾ!”

ಹೆಂಗಸರು ನಕ್ಕರು. ಸಿಡುಕಿಯ ಬಾಚಿ ಮಾತ್ರ ತೊಗಟೆಯಲ್ಲೇ ನಿಂತಿತು. ಸೊಲ್ಲು ಅವನದೇ, ದನಿ ಅವನದಲ್ಲ. ಎಳೆಯುವ ರಾಗ, ಕೊನೆಯಲ್ಲಿ ಕೊಡುವ ತಿರುವು, ಎಲ್ಲವನ್ನೂ ಯಾರೋ ತದ್ರೂಪು ಕದ್ದಿದ್ದರು. ಆದರೆ ಗಂಡನ ದನಿಯಲ್ಲಿದ್ದ ಸಣ್ಣ ಗೊಗ್ಗರು ಕಳ್ಳನ ಕೈಗೆ ಸಿಕ್ಕಿರಲಿಲ್ಲ. ಅವಳು ಬಾಚಿ ಬಿಟ್ಟು, ದಿಮ್ಮಿಗಳ ಅಟ್ಟಿಯ ಸಂದಿನಿಂದ ಇಣುಕಿದಳು.

ಸೊಲ್ಲಣ್ಣ ಎಂದಿನ ಜಾಗದಲ್ಲೇ, ಎಂದಿನಂತೆ ಒಂದು ಕೈ ಎತ್ತಿ ನಿಂತಿದ್ದ. ಬಾಯಿ ತೆರೆದಿತ್ತು. ಆ ಬಾಯಿಂದ ದನಿ ಬರುತ್ತಿರಲಿಲ್ಲ. ನೀರಿನಿಂದ ಎತ್ತಿ ಹಾಕಿದ ಮೀನಿನ ಬಾಯಿಯಂತೆ ಗಾಳಿಯನ್ನು ಹುಡುಕುತ್ತಿತ್ತು. ಅವನ ಬೆನ್ನ ಹಿಂದೆ, ದಿಮ್ಮಿಯ ಮರೆಗೆ ಕುಕ್ಕರಗಾಲಲ್ಲಿ ಕೂತು ಸೊಲ್ಲು ಎತ್ತುತ್ತಿದ್ದವನು ಅವಳ ಸ್ವಂತ ತಮ್ಮ, ಕುಳ್ಳ.

ಮರುದಿನ ಬೆಳಗ್ಗೆ ಅವಳು ತೊಗಟೆಯ ಕಡೆಗೆ ಹೋಗಲಿಲ್ಲ. ಕಚೇರಿಯ ಗೋಡೆಯ ಮೂಲೆಯಲ್ಲಿ ಪೊರಕೆ ಹಿಡಿದು ಗುಡಿಸುವವಳಂತೆ ಬಗ್ಗಿದಳು. ಮೇಸ್ತ್ರಿ ಕರೆದ. ಸೊಲ್ಲಣ್ಣ “ಬಂದೆ” ಎಂದ. ಆ ಒಂದು ಮಾತಿಗಾಗುವಷ್ಟು ಉಸಿರನ್ನು ಅವನು ಕೂಡಿಟ್ಟುಕೊಂಡಿದ್ದಿರಬೇಕು. ಅವನ ಕಂಕುಳ ಕೆಳಗಿನಿಂದ ಕುಳ್ಳನ ಕೈ ಹಾವಿನಂತೆ ಸರಿದು ತೂತಿಗೆ ಬೆರಳು ಕೊಟ್ಟಿತು.

“ತೊಂಬತ್ತೆಂಟು. ಇವತ್ತು ಬೆರಳಾದ್ರೂ ತೊಳ್ಕೊಂಡು ಬಂದಿದ್ದೀಯಲ್ಲೋ, ಭೇಷ್!”

ಅಟ್ಟಿಯ ಹಿಂದೆ, ಗಂಡನ ಎದುರಿಗೇ, ಅವಳು ತಮ್ಮನ ಕೊರಳಪಟ್ಟಿ ಹಿಡಿದಳು.

“ಎಷ್ಟು ದಿನದಿಂದ ನಡೀತಿದೆಯೋ ಈ ನಾಟಕ?”

“ಬಿಡಕ್ಕಾ. ಯಾರಾದ್ರೂ ಕೇಳಿಸ್ಕೊಂಡಾರು.”

“ಕೇಳಿಸ್ಕೊಳ್ಲಿ! ನಿನ್ನ ಉಸಿರು ಇವರ ಮೈಗೆ ಹೋಗುತ್ತೇನೋ ಮುಂಡೇದೇ?”

“ಭಾವಾನೇ ಕಾಲಿಗೆ ಬಿದ್ದಂಗೆ ಕೇಳ್ಕೊಂಡ್ರು. ಅಕ್ಕನಿಗೆ ಹೇಳಿದ್ರೆ ನನ್ನ ಹೆಣ ನೋಡ್ತೀಯ ಅಂದ್ರು. ನಾನೇನು ಮಾಡ್ಲಿ? ಅವರು ಹೊರಗೆ ಹೋದ್ರೆ ಗ್ಯಾಂಗ್ ಒಡೆಯುತ್ತೆ. ಕೋಣೆ ಖಾಲಿ ಮಾಡು ಅಂತಾರೆ. ಆಮೇಲೆ ನೀನೆಲ್ಲಿ ಮಲಗ್ತೀಯ, ನನ್ನ ತಲೆ ಮೇಲಾ?”

“ಗ್ಯಾಂಗ್ ಒಡೆಯುತ್ತೆ ಅಂತ ನನ್ನ ಗಂಡನ ಎದೆ ಒಡೀತೀರಾ?”

ದಿಮ್ಮಿಗೊರಗಿ ಕೂತಿದ್ದ ಸೊಲ್ಲಣ್ಣ ಕೈ ಎತ್ತಿ ಅವಳನ್ನು ಕರೆದ. ಒಂದೊಂದು ಮಾತಿನ ನಡುವೆ ನಿಂತು ಹೇಳಿದ: “ಆಸ್ಪತ್ರೆಗೆ ಬೇಡ ಕಣೇ. ಮೊದಲ ಸಲ ಹಿಂಬಾಗಿಲಿಂದ... ಜೀವಂತ ಹಾಕಿದ್ರು. ಎರಡನೇ ಸಲಾನೂ... ಹಿಂಬಾಗಿಲೇ. ಆದ್ರೆ ಜೀವಂತ... ಅಂತ ಹೇಳೋಕಾಗಲ್ಲ.”

ಅವಳು ಜಗಳಕ್ಕೆ ಬಾಯಿ ತೆರೆದಳು. ನೆನಪಿಗೆ ಬಂದದ್ದು ಬೇರೆ. ಎದುರಿನ ಕೋಣೆಯ ಚಕ್ಕಡಿಯವನು ಹೀಗೇ ಉಬ್ಬಸವೆಂದು ಎರಡನೇ ಸಲ ಆಸ್ಪತ್ರೆಗೆ ಹೋಗಿದ್ದ. ತಿರುಗಿ ಬಂದದ್ದು ಅವನ ಚಪ್ಪಲಿ ಮಾತ್ರ. ಯಾಕೆ ಏನು ಎಂದು ಕೇಳಿದವರಿಗೆ ‘ಅವನ ಹಣೆಬರಹ’ ಎಂದಿದ್ದರು. ಕ್ಲಿಪ್ಪನ್ನು ನಂಬದ, ಮೇಸ್ತ್ರಿಯನ್ನು ನಂಬದ, ತಮ್ಮನನ್ನೂ ನಂಬದ ಸಿಡುಕಿ, ಆಸ್ಪತ್ರೆಯನ್ನು ಅವರೆಲ್ಲರಿಗಿಂತ ಕಡಿಮೆ ನಂಬುತ್ತಿದ್ದಳು. ಆದುದರಿಂದ ಸುಮ್ಮನಾದಳು. ಎಂದೂ ಸುಮ್ಮನಾಗದವಳು ಅಂದು ಸುಮ್ಮನಾದಳು.

ಮಧ್ಯಾಹ್ನ ಊಟದ ಹೊತ್ತಿಗೆ ಸೊಲ್ಲಣ್ಣ ಬಿದ್ದ. ದಿಮ್ಮಿ ಉರುಳಲಿಲ್ಲ, ಹಗ್ಗ ಹರಿಯಲಿಲ್ಲ. ಕೈ ತೊಳೆಯಲು ಬಗ್ಗಿದವನು ಹಾಗೇ ನಲ್ಲಿಯ ಕೆಳಗೆ ಮಡಿಚಿಕೊಂಡ. ನೀರು ಅವನ ತಲೆಯ ಮೇಲೆ ಸುರಿಯುತ್ತಿತ್ತು.

“ಕುಡಿದು ಬಿದ್ದಿದ್ದಾನೆ ನೋಡು ಸೂಳೆಮಗ,” ಎಂದು ಮೇಸ್ತ್ರಿ ಬಾಗಿಲಿನಿಂದಲೇ ಕೂಗಿದ. “ಎಳೆದು ಆಚೆ ಹಾಕ್ರೋ! ಲಾರಿ ಹೊರಡಬೇಕು.”

ಗ್ಯಾಂಗಿನವರು ಎಳೆಯಲಿಲ್ಲ. ಹಾರೆಗಳನ್ನು ಬಿಸಾಡಿ, ತೊಗಟೆ ಹೊರುವ ತಳ್ಳುಗಾಡಿಯ ಮೇಲೆ ಅವನನ್ನು ಕೂರಿಸಿದರು. ಮಲಗಿಸಿದರೆ ಅವನು ಮುಳುಗುವವನಂತೆ ಕೈ ಆಡಿಸುತ್ತಿದ್ದ. ಸಿಡುಕಿ ಗಾಡಿ ಹತ್ತಿ ಬೆನ್ನಿಗೆ ಬೆನ್ನು ಕೊಟ್ಟು ಕೂತಳು. ಅವನ ಒಂದೊಂದು ಉಸಿರೂ ಗರಗಸ ಎಳೆದಂತೆ ಅವಳ ಬೆನ್ನಿನೊಳಗೆ ಹಾದುಹೋಗುತ್ತಿತ್ತು.

ಆಸ್ಪತ್ರೆಯ ಮುಂಬಾಗಿಲು ಗಾಜಿನದು. ಜನ ಹತ್ತಿರ ಬಂದರೆ ತಾನೇ ಸರಿಯುತ್ತದೆ, ದೂರವಾದರೆ ತಾನೇ ಮುಚ್ಚುತ್ತದೆ. ಬಾಗಿಲ ಮುಂದೆ ಮೇಜು ಹಾಕಿಕೊಂಡು ದಾಖಲಾತಿ ಸಾಹೇಬ ಕೂತಿದ್ದ. ಕೊರಳಲ್ಲಿ ದಾರಕ್ಕೆ ಕಟ್ಟಿದ ಕ್ಲಿಪ್ಪು. ಬಲಕ್ಕೆ ಕಾವಲುಗಾರ. ಎಡಕ್ಕೆ, ನೆರಳಿಲ್ಲದ ಅಂಗಳದಲ್ಲಿ, ರೋಗಿಗಳನ್ನು ತಂದವರ ಉದ್ದನೆಯ ಸಾಲು.

“ಹೊಸಾದೋ ಹಳೇದೋ?” ಎಂದು ಸಾಹೇಬ ತಲೆ ಎತ್ತದೆ ಕೇಳಿದ.

“ಮನುಷ್ಯ ಸ್ವಾಮಿ,” ಎಂದಳು ಸಿಡುಕಿ.

“ಹೊಸಾ ಜ್ವರವೋ, ಇಲ್ಲಿಂದ ಗುಣ ಆಗಿ ಹೋದವನೋ?”

“ಇಲ್ಲಿಂದಲೇ ಕಳಿಸಿದ್ರಿ. ಗುಣ ಆಗಿರಲಿಲ್ಲ.”

ಸಾಹೇಬನ ಕಣ್ಣು ಈಗ ಮೇಲೆದ್ದಿತು. “ಗುಣ ಆಗದೆ ನಾವು ಯಾರನ್ನೂ ಕಳಿಸಲ್ಲಮ್ಮ. ಇಲ್ಲಿಂದ ಹೋದೋರು ಯಾರೂ ವಾಪಸು ಬಂದಿಲ್ಲ, ತಿಳ್ಕೋ. ಯಾವ ಡಿಪೋ? ಹೆಸರು?”

ಹೇಳಿದರು. ಅವನು ಫೋನು ಒತ್ತಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ. ಮೇಸ್ತ್ರಿಯ ದನಿ ಹಲಗೆಯ ಹಿಂದಿನಿಂದ ಬರುವಂತೆಯೇ ಬಂತು.

“ಸೊಲ್ಲಣ್ಣನಾ? ಬೆಳಗ್ಗೆ ನಾನೇ ಕಣ್ಣಾರೆ ನೋಡಿದೆ ಸಾರ್. ತೊಂಬತ್ತೆಂಟು. ಕೆಲಸಗಳ್ಳ ಸಾರ್ ಅವನು. ಅವಳಿದ್ದಾಳಲ್ಲ ಹೆಂಡ್ತಿ, ಮಹಾ ಬಜಾರಿ. ಒಳಗೆ ಬಿಟ್ಕೋಬೇಡಿ.”

“ಕೇಳಿಸ್ತಾ?” ಎಂದ ಸಾಹೇಬ. “ಬೆಳಗ್ಗೆ ಪೂರ್ತಿ ಉಸಿರು ಇದ್ದವನಿಗೆ ಮಧ್ಯಾಹ್ನಕ್ಕೆ ಉಸಿರು ಎಲ್ಲಿ ಹೋಯ್ತು? ಎಣ್ಣೆ ಇಳಿದ ಮೇಲೆ ಸರಿ ಹೋಗ್ತಾನೆ. ಗಾಡಿ ತಿರುಗಿಸ್ರಯ್ಯಾ. ಮುಂದಿನವರು ಬನ್ನಿ!”

ಸಿಡುಕಿ ತಮ್ಮನ ಕಡೆ ತಿರುಗಿದಳು. ಅವನು ನೆಲ ನೋಡಿದ. ಗ್ಯಾಂಗಿನವರೂ ನೆಲ ನೋಡಿದರು. ಒಬ್ಬೊಬ್ಬನ ಮುಖದ ಮೇಲೂ ಅವನವನ ತಗಡಿನ ಕೋಣೆ, ಒಳಗಿರುವ ಹೆಂಡತಿ ಮಕ್ಕಳು, ಕದಕ್ಕೆ ಧಣಿ ಹಾಕಬಹುದಾದ ಬೀಗ, ಎಲ್ಲವೂ ಅವಳಿಗೆ ಕಂಡವು. ಇವರು ಬಾಯಿ ಬಿಡುವುದಿಲ್ಲವೆಂದು ಅವಳಿಗೆ ಖಚಿತವಾಯಿತು. ಬೆನ್ನ ಹಿಂದೆ ಉಸಿರಿನ ಗರಗಸ ಒಮ್ಮೆ ನಿಂತು, ಬಹಳ ಹೊತ್ತಿನ ಮೇಲೆ ಮತ್ತೆ ಎಳೆಯಿತು.

“ಆ ಬೆರಳು ನಂದು ಸಾರ್.”

ಕುಳ್ಳ ಹೇಳಿದ್ದು ಎಷ್ಟು ಮೆಲ್ಲಗೆಂದರೆ ಸಾಹೇಬ “ಏನು?” ಎಂದು ಕೇಳಬೇಕಾಯಿತು.

“ಬೆಳಗ್ಗೆ ತೂತಿಗೆ ತೂರಿಸಿದ ಬೆರಳು ನಂದು. ನಮ್ಮ ಭಾವಂದಲ್ಲ. ಆ ತೊಂಬತ್ತೆಂಟು ನಂದು.”

ಫೋನಿನೊಳಗೆ ಮೇಸ್ತ್ರಿ ಕುರ್ಚಿ ತಳ್ಳಿದ ಸದ್ದಾಯಿತು. “ಲೇ ಕುಳ್ಳಾ! ಅನ್ನ ಹಾಕಿದ ಮನೆಗೇ ಕನ್ನ ಹಾಕ್ತೀಯೇನೋ ಲೌಡಿಮಗನೇ? ಗಂಟುಮೂಟೆ ಕಟ್ಟು ಇವತ್ತೇ!”

“ನಿನ್ನೇದು ನಂದು,” ಎಂದ ಗ್ಯಾಂಗಿನಲ್ಲಿ ಹಿರಿಯನಾದ ಮುದುಕ. ಮಾತಿಗೆ ಮೊದಲು ಒಮ್ಮೆ ಉಗುಳಿದ.

“ಮೊನ್ನೇದು ನಂದು.”

“ಅದರ ಹಿಂದಿನ ದಿನದ್ದು ನಂದು. ನನಗೆ ತೊಂಬತ್ತಾರು ಬಂದಿತ್ತು, ಮೇಸ್ತ್ರಿ ಬೈದ.”

ಸಿಡುಕಿ ಅವರನ್ನು ಒಬ್ಬೊಬ್ಬರನ್ನಾಗಿ ನೋಡಿದಳು. ತಮ್ಮನೊಬ್ಬನೇ ಎಂದು ತಿಳಿದಿದ್ದಳು. ಇಡೀ ಗ್ಯಾಂಗು ಸರದಿಯ ಮೇಲೆ ಅವಳ ಗಂಡನಿಗೆ ಬೆರಳು ಎರವಲು ಕೊಟ್ಟಿತ್ತು. ಆ ಎರವಲಿನಿಂದ ಅವನು ಡಿಪೋದಲ್ಲಿ ಬದುಕಿ ಉಳಿದಿದ್ದ. ಅದೇ ಎರವಲಿನಿಂದ ಈಗ ಈ ಬಾಗಿಲ ಮುಂದೆ ಸಾಯುತ್ತಿದ್ದ. ಅವರನ್ನು ಬೈಯಬೇಕೋ ಕೈ ಮುಗಿಯಬೇಕೋ ಅವಳಿಗೆ ತಿಳಿಯಲಿಲ್ಲ. ಎರಡಕ್ಕೂ ಹೊತ್ತಿರಲಿಲ್ಲ.

ಸಾಹೇಬನ ತುಟಿಯಂಚಿನಲ್ಲಿ ನಗು ಮೂಡಿತು. “ಭಲೇ! ಅಂದರೆ ನೀವೆಲ್ಲಾ ಮೋಸಗಾರರು ಅಂತ ನೀವೇ ಒಪ್ಕೊಂಡ ಹಾಗಾಯ್ತು. ಬೆಳಗ್ಗೆ ಸುಳ್ಳು ಹೇಳಿದೋರು ಮಧ್ಯಾಹ್ನ ನಿಜ ಹೇಳ್ತೀರಿ ಅಂತ ಹ್ಯಾಗೆ ನಂಬೋದು? ಇವನು ಆ ಸೊಲ್ಲಣ್ಣನೇ ಅನ್ನೋದಕ್ಕಾದ್ರೂ ಏನು ಗ್ಯಾರಂಟಿ?”

“ನಂಬಬೇಡಿ,” ಎಂದಳು ಸಿಡುಕಿ.

ಅವಳು ಗಾಡಿಯಿಂದ ಇಳಿದಳು. ಗಂಡನನ್ನು ಮುದುಕ ಆನಿಸಿ ಹಿಡಿದುಕೊಂಡ.

“ಯಾರನ್ನೂ ನಂಬಬೇಡಿ. ನಾನೂ ನಿಮ್ಮನ್ನ ನಂಬಲ್ಲ. ಕೊಡಿ ಇತ್ಲಾಗೆ.”

ಮೇಜಿನ ಮೇಲಿಂದ ಬಗ್ಗಿ ಅವನ ಕೊರಳ ದಾರವನ್ನು ಹಿಡಿದೆಳೆದಳು. ದಾರ ತಲೆಯ ಮೇಲಿಂದ ಕಳಚುವಾಗ ಕನ್ನಡಕವನ್ನೂ ಜೊತೆಗೆ ತಂದಿತು. ಕಾವಲುಗಾರ ಓಡಿಬಂದ, ಬಂದವನ ಎದುರಿಗೆ ಹಾರೆ ಹಿಡಿದು ಪಳಗಿದ ತೋಳುಗಳು ಬರಿಗೈಯಲ್ಲೇ ಗೋಡೆಯಾಗಿ ನಿಂತವು. ಅವಳು ಗಂಡನ ಬೆರಳಿಗೆ ಕ್ಲಿಪ್ಪು ಕಚ್ಚಿಸಿದಳು. ಉಗುರು ಬೂದಿಯ ಬಣ್ಣಕ್ಕಿಳಿದಿತ್ತು. ಕ್ಲಿಪ್ಪು ಒಂದಿಷ್ಟು ಹೊತ್ತು ಏನೂ ಹೇಳದೆ ಮಿನುಗಿತು, ಆಮೇಲೆ ಅಂಕೆ ತೋರಿತು. ಅವಳಿಗೆ ಅಂಕೆ ಬರುತ್ತಿರಲಿಲ್ಲ. ಗಂಡನ ಕೈಯನ್ನು ಕ್ಲಿಪ್ಪಿನ ಸಮೇತ ಎತ್ತಿ ಸಾಲಿನ ಕಡೆಗೆ ಹಿಡಿದಳು.

“ಓದಿ ಯಾರಾದ್ರೂ! ಬೆರಳೂ ಇವರದ್ದೇ, ಕೈಯೂ ಇವರದ್ದೇ, ಮುಖ ನೋಡ್ಕೊಂಡು ಓದಿ!”

ಸಾಲಿನ ಮುಂದಿದ್ದ ದರ್ಜಿಯೊಬ್ಬ, ಕೊರಳಿಗೆ ಅಳತೆಪಟ್ಟಿ ಇನ್ನೂ ನೇತಾಡುತ್ತಿದ್ದವನು, ಬಗ್ಗಿ ನೋಡಿದ. ಒಮ್ಮೆ ಕಣ್ಣುಜ್ಜಿಕೊಂಡ.

“ಅರವತ್ತೊಂಬತ್ತು,” ಎಂದ.

“ಜೋರಾಗಿ ಹೇಳಪ್ಪಾ!”

“ಅರವತ್ತೊಂಬತ್ತು!”

ಸಾಲಿನಲ್ಲಿ ಅದು ಬಾಯಿಂದ ಬಾಯಿಗೆ ಹಿಂದಕ್ಕೆ ಹೋಯಿತು. ಹಿಂದಿನಿಂದ ಒಬ್ಬ ಅಜ್ಜಿಯ ದನಿ ಬಂತು: “ನನ್ನ ಮಗಂಗೂ ಗುಣ ಆಗಿದೆ ಅಂತ ವಾಪಸು ಕಳಿಸಿದ್ರು. ಇಲ್ಲೇ ಇದ್ದಾನೆ, ಅವನಿಗೂ ಹಾಕಿ ನೋಡವ್ವಾ.” ಇನ್ನೊಬ್ಬ, “ನನ್ನ ತಂಗಿಗೆ!” ಎಂದ. ಸಾಲು ಸಾಲಾಗಿ ಉಳಿಯಲಿಲ್ಲ. ಮೇಜಿನ ಸುತ್ತ ಕವಿಯಿತು.

ಸಾಹೇಬ ಕನ್ನಡಕ ಹುಡುಕಿ ಹಾಕಿಕೊಂಡು, ಜನರನ್ನೊಮ್ಮೆ ನೋಡಿ, ಒಳಗೆ ಕೈಬೀಸಿದ. “ಸ್ಟ್ರೆಚರ್ ತನ್ನಿ. ಬೇಗ. ಹೆಂಗಸು ಹೊರಗೇ ಇರ್ಲಿ.”

ಗಾಜು ಸರಿಯಿತು. ಇಬ್ಬರು ಆಳುಗಳು ಸೊಲ್ಲಣ್ಣನನ್ನು ಎತ್ತಿದರು. ಅವನು ಹೆಂಡತಿಯ ಕಡೆ ಕೈ ಚಾಚಿದ. ಏನೋ ಹೇಳಲು ಬಾಯಿ ತೆರೆದ. ಉಸಿರು ಮಾತಿನವರೆಗೆ ಬರಲಿಲ್ಲ. ಸ್ಟ್ರೆಚರಿನ ಗಾಲಿಗಳು ಬಿಳಿಯ ಓಣಿಯಲ್ಲಿ ಕಿರುಗುಟ್ಟುತ್ತ ದೂರವಾದವು. ಓಣಿಯ ಕೊನೆಯಲ್ಲಿ ಎಡಕ್ಕೊಂದು ದಾರಿ, ಬಲಕ್ಕೊಂದು ದಾರಿ. ಯಾವುದು ಹಾಸಿಗೆಗೆ, ಯಾವುದು ಹಿಂಬಾಗಿಲಿಗೆ ಎಂದು ಅವಳಿಗೆ ಗೊತ್ತಿರಲಿಲ್ಲ.

“ಆಯ್ತಲ್ಲಮ್ಮ, ತಗೊಂಡಿದ್ದೀವಲ್ಲ,” ಎಂದ ಕಾವಲುಗಾರ, ಸ್ವಲ್ಪ ಮೆತ್ತಗಾಗಿ. “ಮನೆಗೆ ಹೋಗು. ಗುಣ ಆದಾಗ ಹೇಳಿಕಳಿಸ್ತಾರೆ.”

“ಹೋದ ಸಲಾನೂ ಹೇಳಿಕಳಿಸಿದ್ರು,” ಎಂದಳು ಸಿಡುಕಿ.

ಬಾಗಿಲು ಮುಚ್ಚಿಕೊಳ್ಳಲು ಹೊರಟಿತ್ತು. ಅವಳು ಹೊಸ್ತಿಲಲ್ಲಿ ಕುಳಿತು, ಎರಡೂ ಕಾಲುಗಳನ್ನು ಒಳಗೆ ಚಾಚಿದಳು. ಗಾಜು ಬಂದು ಮೊಣಕಾಲಿಗೆ ಬಡಿಯಿತು, ಹಿಂದೆ ಸರಿಯಿತು.

“ಏಯ್, ಏಳು! ಕಾಲು ಮುರಿಯುತ್ತೆ!”

“ಮುರೀಲಿ. ಒಳಗೆ ಸೇರಿಸ್ಕೋತೀರಲ್ಲ ಆಗ. ಹೊಸ ರೋಗಿ.”

ಸಾಹೇಬ ಯಾರಿಗೋ ಫೋನು ಮಾಡುತ್ತಿದ್ದ. ಕುಳ್ಳನನ್ನು ಮುದುಕ ಹಿಂಬಾಗಿಲು ಕಾಯಲು ಅಟ್ಟಿದ. ಉಳಿದ ಗ್ಯಾಂಗು ಎಲ್ಲಿ ನಿಲ್ಲಬೇಕೆಂದು ತಿಳಿಯದೆ, ಬಂದ ದಾರಿಯನ್ನೂ ನೋಡದೆ, ಅಂಗಳದಲ್ಲಿ ನಿಂತಿತು. ಆ ಅಜ್ಜಿ ತನ್ನ ಮಗನ ಪಕ್ಕದಿಂದ ಎದ್ದು ಬಂದಳು. ಸೀರೆಯನ್ನು ಒತ್ತಿ ಹಿಡಿದು, ಸೊಂಟಕ್ಕೆ ಕೈ ಕೊಟ್ಟುಕೊಂಡು, ನಿಧಾನವಾಗಿ ಸಿಡುಕಿಯ ಪಕ್ಕದಲ್ಲಿ ಕೂತು, ಒಣಗಿದ ಕಡ್ಡಿಯಂಥ ತನ್ನ ಕಾಲುಗಳನ್ನೂ ಚಾಚಿದಳು.

ಗಾಜು ಮತ್ತೆ ಬಂತು. ಬಡಿಯಿತು. ಹಿಂದೆ ಹೋಯಿತು. ಮತ್ತೆ ಬಂತು.